ಮಲಗಿದ ಗ್ರಾಫಿಕ್ಸ್ ಕಾರ್ಡ್ ಏಳದಿದ್ದಾಗ: ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ನನ್ನ ಅನುಭವ

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಘಟಕಗಳಿವೆ. ಒಂದು ಪ್ರೊಸೆಸರಿನೊಳಗೇ ಇದೆ, ಇನ್ನೊಂದು ಭಾರವಾದ ಕೆಲಸಗಳಿಗೆಂದು ಪ್ರತ್ಯೇಕವಾಗಿ ಕೂರಿಸಿದ ಕಾರ್ಡ್. ಈ ಕಾರ್ಡಿಗೆ ಕೆಲಸವಿಲ್ಲದಾಗ ಲಿನಕ್ಸ್ ಅದರ ವಿದ್ಯುತ್ತನ್ನು ಕಡಿದು, ಬೇಕಾದಾಗ ಮತ್ತೆ ಎಬ್ಬಿಸಬೇಕು. ನನ್ನ ಯಂತ್ರದಲ್ಲಿ ಅದು ಮಲಗುತ್ತಿತ್ತು, ಆದರೆ ಏಳುತ್ತಿರಲಿಲ್ಲ. ಪರದೆಯ ಸೆಟ್ಟಿಂಗ್ಸ್ ತೆರೆದರೆ ಅಥವಾ ಯಂತ್ರದೊಳಗಿನ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶ ಕೊಟ್ಟರೆ ಯಂತ್ರವೇ ಸ್ತಬ್ಧವಾಗುತ್ತಿತ್ತು. ಕೊನೆಗೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಬೇಕಾಗುತ್ತಿತ್ತು.

ಹಾಗೆ ಆರಿಸಿದ ಮೇಲೆ ಮೊದಲು ನೋಡಬೇಕಾದದ್ದು ಹಿಂದಿನ ಬೂಟ್‌ನ ಕರ್ನೆಲ್ ಲಾಗ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದಿಟ್ಟ ದಾಖಲೆ. ಜರ್ನಲ್‌ಸಿಟಿಎಲ್ ಆದೇಶಕ್ಕೆ ‘-ಕೆ -ಬಿ -1’ ಎಂದು ಸೇರಿಸಿದರೆ ಅದು ಸಿಗುತ್ತದೆ. ಅಲ್ಲಿ 01:00.0 ಎಂಬ ವಿಳಾಸದ ಸಾಧನವನ್ನು (ಅದೇ ನನ್ನ ಗ್ರಾಫಿಕ್ಸ್ ಕಾರ್ಡ್) ಡಿ3ಕೋಲ್ಡ್ ಸ್ಥಿತಿಯಿಂದ ಡಿ0 ಸ್ಥಿತಿಗೆ ತರಲಾಗಲಿಲ್ಲ, ಸಾಧನ ಕೈಗೆ ಸಿಗುತ್ತಿಲ್ಲ ಎಂಬ ಸಾಲಿತ್ತು. ಡಿ0 ಎಂದರೆ ಪೂರ್ಣ ಎಚ್ಚರ, ಡಿ3ಹಾಟ್ ಎಂದರೆ ವಿದ್ಯುತ್ ಉಳಿದಿರುವ ನಿದ್ರೆ, ಡಿ3ಕೋಲ್ಡ್ ಎಂದರೆ ವಿದ್ಯುತ್ತನ್ನೇ ಕಡಿದ ನಿದ್ರೆ. ಅದರ ಕೆಳಗೆ, ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಚಾಲಕವಾದ ನೌವೋ ಓದಿದ ಮೌಲ್ಯಗಳೆಲ್ಲ ಬರೀ ‘ಎಫ್’ ಅಕ್ಷರಗಳಾಗಿದ್ದವು. ಸಾಧನಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ಬಸ್‌ನಲ್ಲಿ ಉತ್ತರಿಸಲು ಯಾರೂ ಇಲ್ಲದಾಗ ಓದುವವರಿಗೆ ಸಿಗುವುದು ಇದೇ. ಆದ್ದರಿಂದ ಚಾಲಕದ ಆ ದೂರುಗಳನ್ನು ನಾನು ಕಾರಣವೆಂದು ಹಿಡಿಯಲಿಲ್ಲ, ಕಾರ್ಡ್ ಬಸ್‌ನಿಂದ ಮಾಯವಾದುದರ ಪರಿಣಾಮವೆಂದು ಹಿಡಿದೆ.

ಎಲ್ಲರೂ ಮೊದಲು ಸೂಚಿಸುವ ಪರಿಹಾರವನ್ನೇ ನಾನೂ ಮಾಡಿದೆ. ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಸಂರಚನೆಯಲ್ಲಿ ಕರ್ನೆಲ್ ಸಾಲಿಗೆ, ಕಾರ್ಡನ್ನು ಮಲಗಿಸಬೇಡವೆಂದು ಚಾಲಕಕ್ಕೆ ಹೇಳುವ ‘ನೌವೋ.ರನ್‌ಪಿಎಂ=0’ ಎಂಬುದನ್ನು ಸೇರಿಸಿ, ಸಂರಚನೆಯನ್ನು ನವೀಕರಿಸಿ, ಮರುಪ್ರಾರಂಭಿಸಿದೆ. ಸ್ತಬ್ಧವಾಗುವುದು ನಿಂತಿತು. ಆದರೆ ಕಾರ್ಡ್ ಸದಾ ಎಚ್ಚರವಾಗಿಯೇ ಉಳಿದದ್ದರಿಂದ ಫ್ಯಾನ್ ನಿಲ್ಲದಾಯಿತು, ಬ್ಯಾಟರಿ ಬೇಗನೆ ಬರಿದಾಗತೊಡಗಿತು. ಕೆಲಸ ಕೆಡದಂತೆ ನಾಲ್ಕು ದಿನ ಕಳೆಯಲು ಇದು ಸರಿ. ಇದನ್ನೇ ಶಾಶ್ವತ ಪರಿಹಾರವೆಂದು ಬಿಡುವುದಕ್ಕೆ ಮಾತ್ರ ನನಗೆ ಮನಸ್ಸಾಗಲಿಲ್ಲ, ಏಕೆಂದರೆ ದೋಷವಿರುವುದು ಕಾರ್ಡಿನಲ್ಲೋ, ಚಾಲಕದಲ್ಲೋ, ಇನ್ನೆಲ್ಲೋ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅಳೆಯುವಾಗ ಎಚ್ಚರ ಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಎಲ್‌ಎಸ್‌ಪಿಸಿಐ ಕಾರ್ಡಿನ ಸಂರಚನಾ ರೆಜಿಸ್ಟರುಗಳನ್ನು ಓದಲು ಹೋದಾಗ ಮಲಗಿದ ಕಾರ್ಡನ್ನು ಎಬ್ಬಿಸುತ್ತದೆ. ನೋಡುವ ಕ್ರಿಯೆಯೇ ನೋಡಬೇಕಾದ ಸ್ಥಿತಿಯನ್ನು ಬದಲಾಯಿಸಿಬಿಡುತ್ತದೆ. ಅದರ ಬದಲು, ಸಾಧನಗಳ ಸ್ಥಿತಿಯನ್ನು ಕರ್ನೆಲ್ ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ‘ಪವರ್’ ಕೋಶದೊಳಗಿರುವ ‘ರನ್‌ಟೈಮ್_ಸ್ಟೇಟಸ್’ ಕಡತವನ್ನು ಓದಿದರೆ ಕಾರ್ಡಿನ ನಿದ್ರೆ ಕೆಡುವುದಿಲ್ಲ. ಬ್ಯಾಟರಿಯ ಬಳಕೆಗೆ ‘ಪವರ್_ನೌ’ ಕಡತವನ್ನು ನೋಡಿದೆ, ಅದರಲ್ಲಿರುವ ಸಂಖ್ಯೆ ಮೈಕ್ರೊವ್ಯಾಟ್‌ಗಳಲ್ಲಿರುತ್ತದೆ.

ರನ್‌ಪಿಎಂ ನಿರ್ಬಂಧವನ್ನು ತೆಗೆದು, ಬೂಟ್ ಆದ ಕೂಡಲೇ ಕಾರ್ಡಿನ ‘ಡಿ3ಕೋಲ್ಡ್_ಅಲೌಡ್’ ಕಡತಕ್ಕೆ 0 ಬರೆದೆ. ಈಗ ಕಾರ್ಡ್ ಡಿ3ಹಾಟ್‌ವರೆಗೆ ಮಾತ್ರ ಇಳಿಯಬಲ್ಲದು. ಮಲಗಿಸಿದೆ, ಎಬ್ಬಿಸಿದೆ, ಮತ್ತೆ ಮಲಗಿಸಿದೆ. ಒಮ್ಮೆಯೂ ದೋಷ ಬರಲಿಲ್ಲ. ಅಂದರೆ ಕಾರ್ಡ್ ಕೆಟ್ಟಿರಲಿಲ್ಲ. ತೊಡಕಿದ್ದದ್ದು ವಿದ್ಯುತ್ತನ್ನು ಪೂರ್ತಿ ಕಡಿದು ಮರಳಿ ಕೊಡುವ ಹಂತದಲ್ಲಿ, ಮತ್ತು ಆ ಕೆಲಸ ನಡೆಯುವುದು ಕಾರ್ಡನ್ನು ಜೋಡಿಸಿರುವ ಪಿಸಿಐ ಎಕ್ಸ್‌ಪ್ರೆಸ್ ಪೋರ್ಟಿನ ಮೂಲಕ. 2016ರಲ್ಲಿ ಬಂದ ಕರ್ನೆಲ್ 4.8ರಿಂದ, 2015 ಅಥವಾ ಅನಂತರದ ಬಯಾಸ್ ಇರುವ ಯಂತ್ರಗಳಲ್ಲಿ ಇಂತಹ ಪೋರ್ಟುಗಳನ್ನೂ ಲಿನಕ್ಸ್ ಮಲಗಿಸುತ್ತದೆ. ನನ್ನ ಲಾಗ್‌ನಲ್ಲಿಯೂ ನೌವೋ, ಪೋರ್ಟಿನ ಮೂಲಕ ವಿದ್ಯುತ್ ಕಡಿಯುವ ‘ಪಿಆರ್’ ವಿಧಾನದ ಬೆಂಬಲವನ್ನು ಗುರುತಿಸಿದ್ದೇನೆ, ಹಳೆಯ ‘ಡಿಎಸ್‌ಎಂ’ ವಿಧಾನವನ್ನು ಬಳಸುವುದಿಲ್ಲ ಎಂದು ಹೇಳಿಕೊಂಡಿತ್ತು. ಅಷ್ಟು ದಿನ ಆ ಸಾಲನ್ನು ನಾನು ಓದಿಯೂ ಗಮನಿಸಿರಲಿಲ್ಲ.

ಪೋರ್ಟುಗಳನ್ನು ಮಲಗಿಸದಂತೆ ಕರ್ನೆಲ್ ಸಾಲಿನಲ್ಲಿ ‘ಪಿಸಿಐಇ_ಪೋರ್ಟ್_ಪಿಎಂ=ಆಫ್’ ಎಂದು ಕೊಟ್ಟಾಗ ಚಾಲಕ ಆ ಹಳೆಯ ವಿಧಾನಕ್ಕೆ ಮರಳಿತು. ದೋಷ ಬರಲಿಲ್ಲ, ಆದರೆ ಬ್ಯಾಟರಿಯ ಬಳಕೆಯೂ ನಿರೀಕ್ಷಿಸಿದಷ್ಟು ಇಳಿಯಲಿಲ್ಲ.

ನಿಜವಾದ ಪರಿಹಾರ ಹೊಸ ಕರ್ನೆಲ್‌ನಲ್ಲಿತ್ತು. ಕೆಲವು ಪ್ರೊಸೆಸರುಗಳ ಪೋರ್ಟುಗಳಿಗೆ (ಇವನ್ನು ಬ್ರಿಡ್ಜ್ ಎಂದೂ ಕರೆಯುತ್ತಾರೆ) ಜೋಡಿಸಿದ ಕಾರ್ಡನ್ನು ಮೊದಲು ಪಿಸಿಐ ಮಟ್ಟದಲ್ಲಿ ಡಿ3ಗೆ ಇಳಿಸಿ, ಆಮೇಲೆ ವಿದ್ಯುತ್ ನಿಯಂತ್ರಣಕ್ಕೆ ಯಂತ್ರದ ಫರ್ಮ್‌ವೇರ್ ಒದಗಿಸುವ ಎಸಿಪಿಐ ಮೂಲಕ ವಿದ್ಯುತ್ ಕಡಿದರೆ ಅದು ಮತ್ತೆ ಏಳುವುದಿಲ್ಲ. ಮೊದಲ ಹೆಜ್ಜೆಯನ್ನು ಬಿಟ್ಟು ನೇರವಾಗಿ ವಿದ್ಯುತ್ ಕಡಿದರೆ ಸರಿಯಾಗಿ ಏಳುತ್ತದೆ. 2020ರಲ್ಲಿ ಬಂದ ಕರ್ನೆಲ್ 5.7ರಲ್ಲಿ, ಅಂತಹ ಬ್ರಿಡ್ಜ್ ಕಂಡುಬಂದರೆ ಆ ಹೆಜ್ಜೆಯನ್ನು ಬಿಟ್ಟುಬಿಡುವ ವ್ಯವಸ್ಥೆಯನ್ನು ನೌವೋ ಚಾಲಕಕ್ಕೆ ಸೇರಿಸಲಾಯಿತು. ನನ್ನ ಪ್ರಯೋಗ ಬೊಟ್ಟು ಮಾಡಿದ್ದ ಜಾಗವೂ ಅದೇ ಆಗಿದ್ದದ್ದು ನನಗೆ ತುಂಬಾ ಸಮಾಧಾನ ಕೊಟ್ಟಿತು. ನಾನು ಸೇರಿಸಿದ್ದ ಎಲ್ಲ ನಿಯತಾಂಕಗಳನ್ನೂ ತೆಗೆದು ಹೊಸ ಕರ್ನೆಲ್ ಹಾಕಿದೆ.

ಆದರೂ ‘ರನ್‌ಟೈಮ್_ಸ್ಟೇಟಸ್’ ಕಡತ ‘ಆ್ಯಕ್ಟಿವ್’ ಎಂದೇ ತೋರಿಸುತ್ತಿತ್ತು. ಎಚ್‌ಡಿಎಂಐ ಧ್ವನಿಗಾಗಿ ಅದೇ ಕಾರ್ಡಿನಲ್ಲಿರುವ 01:00.1 ಎಂಬ ಇನ್ನೊಂದು ಸಾಧನದ ‘ಕಂಟ್ರೋಲ್’ ಕಡತದಲ್ಲಿ ‘ಆನ್’ ಎಂದಿತ್ತು, ಧ್ವನಿಯ ಭಾಗ ಎಚ್ಚರವಿರುವಷ್ಟು ಹೊತ್ತು ಗ್ರಾಫಿಕ್ಸ್ ಭಾಗವೂ ಮಲಗುವಂತಿರಲಿಲ್ಲ. ಅದನ್ನು ‘ಆಟೊ’ ಎಂದು ಬದಲಿಸಿ, ಮರುಪ್ರಾರಂಭದ ನಂತರವೂ ಉಳಿಯುವಂತೆ ಸಾಧನ ಕಂಡಾಗ ತಾನಾಗಿಯೇ ಅನ್ವಯವಾಗುವ ಒಂದು ಯುಡೆವ್ ನಿಯಮ ಬರೆದೆ. ಕೆಲವು ಸೆಕೆಂಡುಗಳಲ್ಲಿ ಕಡತದಲ್ಲಿ ‘ಸಸ್ಪೆಂಡೆಡ್’ ಎಂದು ಬಂತು, ಫ್ಯಾನ್ ನಿಂತಿತು. ಆಮೇಲೆ ಎಲ್‌ಎಸ್‌ಪಿಸಿಐ ಆದೇಶವನ್ನು ಬೇಕೆಂದೇ ಮತ್ತೆ ಮತ್ತೆ ಕೊಟ್ಟೆ. ಪ್ರತಿ ಸಲವೂ ಕಾರ್ಡ್ ಎದ್ದು, ಉತ್ತರಿಸಿ, ಮತ್ತೆ ಮಲಗಿತು.