ಏರಿಯಲ್ ಸಿಲ್ಕ್ಸ್‌ನ ಮೊದಲ ತರಗತಿಗೆ ನಾನು ಸಿದ್ಧಳಾದ ಬಗೆ

ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಏರಿಯಲ್ ಸಿಲ್ಕ್ಸ್ ಕಲಿಯಲು ಹೆಸರು ಕೊಟ್ಟಾಗ ನನಗೆ 41 ವರ್ಷ. ಮೊದಲ ತರಗತಿಗೆ ಆರು ವಾರ ಬಾಕಿಯಿತ್ತು. ಹೆಸರಿನಲ್ಲಿ ಸಿಲ್ಕ್ ಇದ್ದರೂ ಚಾವಣಿಯಿಂದ ಜೋಡಿಯಾಗಿ ಇಳಿಬಿಡುವ ಆ ಬಟ್ಟೆ ರೇಷ್ಮೆಯಲ್ಲ, ಸ್ವಲ್ಪ ಹಿಗ್ಗುವ ನೈಲಾನ್ ಟ್ರೈಕಾಟ್. ಸೊಂಟಕ್ಕೆ ಸುರಕ್ಷಾ ಹಗ್ಗ ಕಟ್ಟಿಕೊಳ್ಳದೆ, ಕೈಯ ಹಿಡಿತ ಮತ್ತು ಕಾಲಿನ ಸುತ್ತನ್ನೇ ನಂಬಿ ಮೇಲೇರಬೇಕಾದ ಕಲೆಯಿದು. ಆದ್ದರಿಂದ ಹಣ ಕಟ್ಟುವ ಮೊದಲೇ ಅಲ್ಲಿಗೆ ಹೋಗಿ, ಬಟ್ಟೆಯನ್ನು ಯಾವ ತೊಲೆಗೆ ತೂಗುಹಾಕಿದ್ದಾರೆ, ಅದನ್ನು ತೂಗುಹಾಕುವ ಲೋಹದ ಕೊಕ್ಕೆಯಾದ ಕ್ಯಾರಬಿನರ್ ಮತ್ತು ತಿರುಗುವ ಕೊಂಡಿಯಾದ ಸ್ವಿವೆಲ್‌ಗಳನ್ನು ಯಾರು ಪರೀಕ್ಷಿಸುತ್ತಾರೆ, ಕೆಳಗೆ ದಪ್ಪ ಮ್ಯಾಟ್ ಸದಾ ಇರುತ್ತದೆಯೇ ಎಂದು ವಿಚಾರಿಸಿದೆ. ಶಿಕ್ಷಕಿ ಬೇಸರಿಸದೆ ಒಂದೊಂದನ್ನೂ ತೋರಿಸಿದರು. ಈ ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ನಾನು ಸೇರುತ್ತಿರಲಿಲ್ಲ.

ತೋಳಿನ ಬಲ ಹೆಚ್ಚಿಸಿಕೊಂಡರೆ ಸಾಕೆಂದು ಮೊದಲ ವಾರವೆಲ್ಲ ಡಂಬೆಲ್ ಎತ್ತಿದೆ. ಆಮೇಲೆ ಪಾರ್ಕಿನ ಕಬ್ಬಿಣದ ಅಡ್ಡಕಂಬಿಗೆ ಜೋತುಬಿದ್ದು ನೋಡಿದರೆ 9 ಸೆಕೆಂಡಿಗೆ ಬೆರಳುಗಳು ಬಿಟ್ಟುಕೊಂಡವು. ಸೋತದ್ದು ತೋಳಲ್ಲ, ಮುಷ್ಟಿ ಮತ್ತು ಭುಜ. ಭುಜಗಳು ಕಿವಿಯವರೆಗೆ ಏರಿಬಿಟ್ಟರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಮೊಣಕೈ ಮಡಿಸದೆ ಬೆನ್ನಿನ ರೆಕ್ಕೆಮೂಳೆಗಳನ್ನು ಕೆಳಕ್ಕೆಳೆದು ಹಿಡಿಯುವುದನ್ನು ಕಲಿತ ಮೇಲೆ ತೂಗಾಡುವುದು ಹಗುರವಾಯಿತು. ಬಟ್ಟೆಯ ಹಿಡಿತ ಕಂಬಿಯ ಹಿಡಿತದಂತಲ್ಲವಾದ್ದರಿಂದ ಹಳೆಯ ದಪ್ಪ ಟವೆಲೊಂದನ್ನು ಕಂಬಿಯ ಮೇಲೆ ಹಾಯಿಸಿ, ಅದರ ಎರಡು ತುದಿಗಳನ್ನು ಹಿಡಿದೂ ಅಭ್ಯಾಸ ಮಾಡಿದೆ. ಒದ್ದೆ ಬೆಡ್‌ಶೀಟುಗಳನ್ನು ವಾಷಿಂಗ್ ಮೆಷಿನ್ನಿಗೆ ಬಿಡದೆ ಕೈಯಲ್ಲೇ ಹಿಂಡುವುದು ಮುಂಗೈಗೆ ನಾನು ಕಂಡುಕೊಂಡ ಉತ್ತಮ ವ್ಯಾಯಾಮ. ಪ್ರತಿದಿನ ಜೋತುಬಿದ್ದಾಗ ಮೊಣಕೈಯ ಒಳಭಾಗ ನೋಯತೊಡಗಿತು. ಸ್ನಾಯು ಬಲಿಯುವಷ್ಟು ಬೇಗ ಸ್ನಾಯುರಜ್ಜು ಬಲಿಯುವುದಿಲ್ಲ. ದಿನ ಬಿಟ್ಟು ದಿನ ಮಾಡಿದೆ, ನೋವು ಇಳಿಯಿತು. ಆರನೆಯ ವಾರಕ್ಕೆ ಕಂಬಿಯಲ್ಲಿ 30 ಸೆಕೆಂಡ್, ಟವೆಲಿನಲ್ಲಿ 12 ಸೆಕೆಂಡ್ ನಿಲ್ಲುತ್ತಿದ್ದೆ.

ಉಡುಪಿನ ವಿಷಯವನ್ನು ಶಿಕ್ಷಕಿ ಫೋನಿನಲ್ಲೇ ತಿಳಿಸಿದ್ದರು: ಬಟ್ಟೆ ಚರ್ಮದ ಮೇಲೆ ಜಾರಿದರೆ ಉಜ್ಜಿ ಸುಡುತ್ತದೆ, ಆದ್ದರಿಂದ ಮೊಣಕಾಲಿನ ಹಿಂಭಾಗ, ಕಂಕುಳು, ಹೊಟ್ಟೆ ಮುಚ್ಚುವಂಥ ಮೈಗಂಟುವ ಉಡುಪು ಬೇಕು, ಜಿಪ್, ಕೊಕ್ಕೆ, ಒಡವೆ ಏನೂ ಇರಬಾರದು. ಬಳೆ, ಸರ ತೆಗೆಯುವುದು ಸುಲಭ, ಕಾಲುಂಗುರದ ಮಾತೆತ್ತಲು ಮಾತ್ರ ನಾನು ಎರಡು ದಿನ ಹಿಂದೆಮುಂದೆ ನೋಡಿದೆ. "ಬಟ್ಟೆಗೆ ಸಿಕ್ಕಿಕೊಂಡು ಬೆರಳು ಮುರಿದರೆ? ತೆಗೆದಿಟ್ಟು ಹೋಗಮ್ಮ, ಬಂದ ಮೇಲೆ ಹಾಕ್ಕೊಂಡರಾಯ್ತು" ಎಂದು ಅತ್ತೆಯವರೇ ಪರಿಹರಿಸಿದರು. ತರಗತಿ ಭಾನುವಾರವಾದ್ದರಿಂದ ಎಣ್ಣೆಸ್ನಾನವನ್ನು ಗುರುವಾರಕ್ಕೆ ಹಾಕಿಕೊಂಡೆ, ಏಕೆಂದರೆ ಅಂಗೈಯಲ್ಲಿ ಎಣ್ಣೆಯಾಗಲಿ ಕ್ರೀಮಾಗಲಿ ಉಳಿದಿದ್ದರೆ ಹಿಡಿತ ಜಾರುತ್ತದೆ, ಬಟ್ಟೆಯೂ ಹಾಳಾಗುತ್ತದೆ. ಉಗುರು ಕತ್ತರಿಸಿಕೊಂಡೆ. ಹತ್ತು ಗಂಟೆಯ ತರಗತಿಗೆ ಏಳೂವರೆಗೆ ಎರಡು ಇಡ್ಲಿ ತಿಂದದ್ದು ಸರಿಹೋಯಿತು.

ಅಂದು ತಲೆಕೆಳಗಾಗುವುದೇನೂ ಇರಲಿಲ್ಲ. ಬಟ್ಟೆಗೆ ಗಂಟು ಹಾಕಿ ಅದರ ಮೇಲೆ ಕೂರಿಸಿದರು, ಬಳಿಕ ಫುಟ್ ಲಾಕ್ ಕಲಿಸಿದರು. ಪಾದಕ್ಕೆ ಸುತ್ತಿದ ಬಟ್ಟೆ ನಾವು ಎದ್ದು ನಿಂತೊಡನೆ ತಾನೇ ಬಿಗಿಯಾಗಿ, ಮೈಭಾರವನ್ನೆಲ್ಲ ಹೊರುತ್ತದೆ. ಹಗ್ಗದ ಮಲ್ಲಕಂಬದಲ್ಲಿ ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿಯುವಂತೆ ಇಲ್ಲಿಯೂ ಕಾಲೇ ಆಧಾರವೆಂಬುದು ನನಗೆ ಆಗ ಅರ್ಥವಾಯಿತು. ಪಾದದ ಮೇಲ್ಭಾಗ ಇಷ್ಟೊಂದು ನೋಯುವುದೆಂದು ಮಾತ್ರ ಎಣಿಸಿರಲಿಲ್ಲ. ಅದಕ್ಕೆ ಮನೆಯಲ್ಲಿ ಮಾಡಬಹುದಾದ ತಯಾರಿಯೂ ಇಲ್ಲ, ನಾಲ್ಕಾರು ತರಗತಿಗಳಲ್ಲಿ ಅಭ್ಯಾಸವಾಗುತ್ತದೆ ಎಂದು ಶಿಕ್ಷಕಿ ಹೇಳಿದರು. ಮೇಲೆದ್ದ ಟೀಶರ್ಟಿನಿಂದಾಗಿ ಸೊಂಟದ ಬಳಿ ಒಂದು ಗೆರೆ ಸುಟ್ಟಿತ್ತು. ಮುಂದಿನ ಭಾನುವಾರ ಟೀಶರ್ಟನ್ನು ಲೆಗಿಂಗ್‌ನೊಳಗೆ ಸಿಕ್ಕಿಸಿಕೊಂಡೇ ಹೋದೆ.