ಮೇಷ್ಟ್ರಿಗೆ ಬೇಕಿದ್ದದ್ದು ಶಾಸನ, ಸಿಕ್ಕಿದ್ದು ಬಿಳಿ ಹಾಳೆ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. 2016ರ ಬೇಸಿಗೆಯಲ್ಲಿ ಒಂದು ದಿನ, ಹೈಸ್ಕೂಲಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ಬಂದು ಕೂತರು. ಅವರ ಊರಿನ ವೀರಗಲ್ಲಿನ ಬರಹ ಹಳೇ ಶಾಸನ ಸಂಪುಟವೊಂದರಲ್ಲಿದೆ, ಅದರ ಸ್ಕ್ಯಾನ್ ಆನ್‌ಲೈನಲ್ಲಿ ಸಿಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಹುಡುಕುವುದಕ್ಕೇ ಅರ್ಧ ಗಂಟೆ ಹೋಯಿತು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಳೇ ಪುಸ್ತಕ ಬೇಕಂದರೆ ಮೈಸೂರು ಜಿಲ್ಲೆ ಅಂತಲೇ ಹುಡುಕಬೇಕು. ನಾನು ಸುಮ್ನೆ ಮಂಡ್ಯ, ಮಂಡ್ಯ ಅಂತ ಕುಟ್ಟುತ್ತಿದ್ದೆ.

ಪುಸ್ತಕವೇನೋ ಸಿಕ್ಕಿತು. ತೆರೆದರೆ ಪುಟ ಬಿಳಿ. ಮುಂದಿನದೂ ಬಿಳಿ.

"ಏನಪ್ಪಾ, ಬರೀ ಹಾಳೆ ನೋಡಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ?" ಅಂದರು ಮೇಷ್ಟ್ರು.

ಆ ಪುಟಗಳೆಲ್ಲ ಟಿಫ್ ಅನ್ನುವ ಬಗೆಯ ಚಿತ್ರದ ಫೈಲುಗಳು. ಆಗ ಸ್ಕ್ಯಾನ್ ಮಾಡಿದ ಪುಸ್ತಕಗಳು ಜಾಸ್ತಿ ಟಿಫ್‌ನಲ್ಲೇ ಇರುತ್ತಿದ್ದವು. ಕಪ್ಪು-ಬಿಳುಪು ಪುಟವನ್ನು ಫ್ಯಾಕ್ಸ್‌ಗೆ ಬಳಸುವ ರೀತಿಯಲ್ಲೇ ಒತ್ತಿ ಚಿಕ್ಕದು ಮಾಡಬಹುದು, ಅಕ್ಷರ ಮಾತ್ರ ಕೆಡುವುದಿಲ್ಲ. ಆದರೆ ಕ್ರೋಮ್, ಫೈರ್‌ಫಾಕ್ಸ್‌ಗೆ ಟಿಫ್ ತಾವಾಗಿಯೇ ತೋರಿಸಲು ಬರುವುದಿಲ್ಲ. ಅದಕ್ಕೇ ಆಲ್ಟರ್ನಾಟಿಫ್‌ನಂಥ ಪ್ಲಗಿನ್, ಅಂದರೆ ಬ್ರೌಸರಿಗೆ ಅಂಟಿಸುವ ಪುಟ್ಟ ಸಾಫ್ಟ್‌ವೇರ್, ಹಾಕಿಕೊಳ್ಳುತ್ತಿದ್ದೆವು. ನನ್ನ ಯಂತ್ರದಲ್ಲೂ ಅದಿತ್ತು, ಹಿಂದಿನ ವರ್ಷ ಚೆನ್ನಾಗಿಯೇ ಓಡಿತ್ತು.

ನಾನು ಮೊದಲು ಮಾಡಿದ ಕೆಲಸ ಪ್ಲಗಿನ್ ಕಿತ್ತು ಮತ್ತೆ ಹಾಕಿದ್ದು. ದಂಡ. 2015ರ ಸೆಪ್ಟೆಂಬರಲ್ಲಿ ಬಂದ ಕ್ರೋಮ್ 45ರಿಂದಲೇ ಅಂಥ ಹಳೇ ಪ್ಲಗಿನ್‌ಗಳಿಗೆ ಬಾಗಿಲು ಮುಚ್ಚಿತ್ತು. ಅಪ್‌ಡೇಟ್ ತಾನಾಗಿ ಬಂದು ಕೂತಿತ್ತು, ನಾನು ಗಮನಿಸಿರಲಿಲ್ಲ. ಸರಿ, ಫೈರ್‌ಫಾಕ್ಸ್ ಇಳಿಸಿಕೊಂಡೆ. ಅಲ್ಲೂ ಬಿಳಿ. ಅದರಲ್ಲಿ 32 ಬಿಟ್, 64 ಬಿಟ್ ಅಂತ ಎರಡು ಬಗೆ, ಆತುರದಲ್ಲಿ 64 ಬಿಟ್‌ದು ಇಳಿಸಿಬಿಟ್ಟಿದ್ದೆ! ವಿಂಡೋಸ್‌ನ ಆ ಫೈರ್‌ಫಾಕ್ಸ್, ಫ್ಲ್ಯಾಶ್‌ನಂಥ ಒಂದೆರಡನ್ನು ಬಿಟ್ಟು ಬೇರೆ ಪ್ಲಗಿನ್‌ಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದನ್ನು ತೆಗೆದು 32 ಬಿಟ್‌ದು ಹಾಕಿದೆ.

ಈಗ ಬಿಳಿ ಹೋಗಿ ಮುರಿದ ಚಿತ್ರದ ಗುರುತು ಬಂತು. ಮೇಷ್ಟ್ರು ಎದ್ದು ಟೀ ಕುಡಿಯಲು ಹೋದರು.

ಆಮೇಲೆ ಹೊಳೆದದ್ದನ್ನು ಮೊದಲೇ ಮಾಡಬೇಕಿತ್ತು. ಪುಟವನ್ನು ಫೈಲಾಗಿ ಉಳಿಸಿ ನೋಟ್‌ಪ್ಯಾಡಲ್ಲಿ ತೆರೆದೆ. ನಿಜವಾದ ಟಿಫ್ ಆದರೆ ಶುರುವಿನಲ್ಲೇ ಇಂಗ್ಲಿಷಿನ ಎರಡು ಐ, ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಕಾಣುತ್ತದೆ. ಕೆಲವದರಲ್ಲಿ ಎರಡು ಎಂ ಇರುತ್ತವೆ. ಉಳಿದದ್ದು ಚಿಂದಿ ಅಕ್ಷರ, ಅದರ ಕಡೆ ನೋಡಬೇಡಿ. ನನ್ನ ಫೈಲಿನ ಹೆಸರು ಟಿಫ್, ಒಳಗಿದ್ದದ್ದು ಮಾತ್ರ ಮಾಮೂಲಿ ವೆಬ್ ಪುಟದ ಕೋಡು. ಲಾಗಿನ್ ಅವಧಿ ಮುಗಿದು, ಪುಟದ ಬದಲು ಲಾಗಿನ್ ಫಾರಂ ಬಂದು ಕೂತಿತ್ತು. ಮತ್ತೆ ಲಾಗಿನ್ ಆಗಿ ಉಳಿಸಿದೆ. ಎರಡು ಐ, ನಕ್ಷತ್ರ. ಅಂದರೆ ಫೈಲು ಸರಿಯಾಗಿಯೇ ಬರುತ್ತಿದೆ, ತೊಂದರೆ ಇನ್ನು ನನ್ನ ಯಂತ್ರದ್ದೇ.

ಫೈರ್‌ಫಾಕ್ಸ್‌ನ ವಿಳಾಸದ ಪಟ್ಟಿಯಲ್ಲಿ ಅಬೌಟ್, ಕೋಲನ್, ಪ್ಲಗಿನ್ಸ್ ಅಂತ ಹೊಡೆದರೆ ಯಾವ ಪ್ಲಗಿನ್ ಯಾವ ಬಗೆಯ ಫೈಲನ್ನು ವಹಿಸಿಕೊಂಡಿದೆ ಅಂತ ಪೂರ್ತಿ ಪಟ್ಟಿ ಬರುತ್ತಿತ್ತು. ನೋಡಿದರೆ ಟಿಫ್‌ಗೆ ಇಬ್ಬರು ವಾರಸುದಾರರು! ಮದುವೆ ವಿಡಿಯೋ ನೋಡಲು ಎಂದೋ ಹಾಕಿದ್ದ ಪ್ಲೇಯರ್ ಒಂದು, ಯಾರೂ ಕೇಳದಿದ್ದರೂ ಟಿಫ್ ಕೂಡ ನನ್ನದೇ ಅಂತ ಹಿಡಿದುಕೊಂಡಿತ್ತು. ಆಡ್-ಆನ್ಸ್‌ಗೆ ಹೋಗಿ ಅದನ್ನು ಎಂದೂ ಚಾಲೂ ಆಗದ ಹಾಗೆ ಮಾಡಿದೆ. ಆಲ್ಟರ್ನಾಟಿಫ್‌ಗೆ ಮಾತ್ರ ಅನುಮತಿ ಕೊಟ್ಟು ಬ್ರೌಸರ್ ಮುಚ್ಚಿ ತೆರೆದೆ.

ಪುಟ ಬಂತು. ಅಂಚಿನ ಗೆದ್ದಲು ತೂತು ಕೂಡ ಕಾಣುವಷ್ಟು ಸ್ಪಷ್ಟ. ಹಳೇ ಅಚ್ಚಿನ ಮೊಳೆ, ಒತ್ತಕ್ಷರ ಎಲ್ಲ ಗರಿಗರಿ. ಟೀ ಮುಗಿಸಿ ಬಂದ ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದರು.

ಆ ಸುಖ ಒಂದು ವರ್ಷವೂ ಉಳಿಯಲಿಲ್ಲ. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 52 ಬಂದು ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದ ಪ್ಲಗಿನ್‌ಗಳನ್ನೆಲ್ಲ ಕೈಬಿಟ್ಟಿತು. ಅವು ನಮ್ಮ ಯಂತ್ರದಲ್ಲಿ ಏನು ಬೇಕಾದರೂ ಮಾಡಬಹುದಿತ್ತು, ಮನೆ ಬೀಗದ ಕೈಯನ್ನು ಬಾಡಿಗೆಯವರಿಗೆ ಕೊಟ್ಟ ಹಾಗೆ. ತೆಗೆದದ್ದು ತಪ್ಪು ಅಂತ ನನಗೆ ಅನಿಸಲಿಲ್ಲ. ಅಪ್‌ಡೇಟ್ ನಿಲ್ಲಿಸೋಣ ಅಂತಲೂ ಯೋಚಿಸಿದೆ. ಆದರೆ ಬ್ಯಾಂಕಿನ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯಬೇಕಲ್ವಾ, ಧೈರ್ಯ ಬರಲಿಲ್ಲ.

ಈಗ ಟಿಫ್ ಕಂಡರೆ ಇಳಿಸಿಕೊಂಡು ಇರ್ಫಾನ್‌ವ್ಯೂ ಅನ್ನುವ ಚಿತ್ರ ತೋರಿಸುವ ಸಾಫ್ಟ್‌ವೇರಲ್ಲಿ ತೆರೆಯುತ್ತೇನೆ. ಒಂದೇ ಫೈಲಿನಲ್ಲಿ ಹತ್ತಾರು ಪುಟವಿದ್ದರೂ ತೋರಿಸುತ್ತದೆ. ಐಫೋನ್ ತಂದು ಹೆಯಿಕ್ ಫೋಟೋ ತೆರೆಯುತ್ತಿಲ್ಲ ಅನ್ನುವ ಹುಡುಗರಿಗೂ ಪ್ಲಗಿನ್ ಹುಡುಕಿ ಕೊಡುವುದಿಲ್ಲ, ಜೆಪೆಗ್ ಮಾಡಿ ಕೊಡುತ್ತೇನೆ.

ಮೇಷ್ಟ್ರಿಗೆ ಅವತ್ತೇ ಆ ಪುಟದ ಎರಡು ಪ್ರಿಂಟ್ ತೆಗೆದುಕೊಟ್ಟಿದ್ದೆ. ದುಡ್ಡು ಬೇಡ ಅಂದರೂ ಕೇಳದೆ ನಾಲ್ಕು ರೂಪಾಯಿ ಟೇಬಲ್ ಮೇಲಿಟ್ಟು, ಊರಿನ ಹೆಸರಿನ ಕೆಳಗೆ ನನ್ನದೇ ಪೆನ್ನಿನಿಂದ ಗೆರೆ ಎಳೆದುಕೊಂಡು ಹೊರಟರು.