ಮಾತಿಗಿಂತ ಮೊದಲು ನಾನು ನೋಡುವುದು

ನಾನು ವಾಕ್ ಚಿಕಿತ್ಸಕಿ. ನನ್ನ ಬಳಿಗೆ ಬರುವ ತಂದೆ ತಾಯಂದಿರ ದೂರು ಬಹುಪಾಲು ಒಂದೇ: ಮಗುವಿಗೆ ಇನ್ನೂ ಮಾತು ಬಂದಿಲ್ಲ. ಜೊತೆಗೆ ಬಂದ ಅಜ್ಜಿ ‘ಇವನ ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಸೇರಿಸುತ್ತಾರೆ. ಎರಡೂ ನಿಜವಿರಬಹುದು. ಆದರೂ ಮೊದಲ ಭೇಟಿಯಲ್ಲಿ ನಾನು ಎಷ್ಟು ಪದ ಬರುತ್ತದೆ ಎಂಬ ಲೆಕ್ಕಕ್ಕೆ ಕೂರುವುದಿಲ್ಲ. ಬರೀ ಮಾತು ತಡವಾದ ಮಗು ಬೆರಳು ತೋರಿಸಿ, ಸೆರಗು ಜಗ್ಗಿ, ಮುಖ ಊದಿಸಿಕೊಂಡು ಹೇಗೋ ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಆಟಿಸಂ ಇರುವ ಮಗುವಿನಲ್ಲಿ ಮಾತಿಗೂ ಹಿಂದಿನ ಈ ವ್ಯವಹಾರವೇ ಬೇರೆ ದಾರಿ ಹಿಡಿದಿರುತ್ತದೆ.

ಅದನ್ನು ಕಾಣಲು ದುಬಾರಿ ಸಲಕರಣೆ ಬೇಕಿಲ್ಲ. ಸೋಪಿನ ಗುಳ್ಳೆ ಊದುವ ಶೀಸೆ, ಕೀಲಿ ಕೊಟ್ಟರೆ ಓಡುವ ಆಟಿಕೆ, ಒಳಗಿರುವುದು ಕಾಣುವಂಥ ಬಿಗಿ ಮುಚ್ಚಳದ ಡಬ್ಬಿ, ಇಷ್ಟು ಸಾಕು. ಗುಳ್ಳೆ ಊದಿ, ಮುಚ್ಚಳ ಬಿಗಿದು, ಶೀಸೆಯನ್ನು ಮಗುವಿನ ಮುಂದಿಟ್ಟು ಸುಮ್ಮನೆ ಕೂರುತ್ತೇನೆ. ಸುಮ್ಮನೆ ಕೂರುವುದು ಎಲ್ಲಕ್ಕಿಂತ ಕಷ್ಟ. ತಾಯಿಯ ಕೈ ತಾನಾಗಿ ಮುಚ್ಚಳದ ಕಡೆಗೆ ಬರುತ್ತದೆ, ಕಣ್ಸನ್ನೆಯಲ್ಲೇ ತಡೆಯಬೇಕಾಗುತ್ತದೆ. ಒಂದು ಮಗು ಶೀಸೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ‘ಊಂ’ ಎನ್ನುತ್ತದೆ. ಇನ್ನೊಂದು ಮಗು ನನ್ನ ಮಣಿಕಟ್ಟು ಹಿಡಿದು ಶೀಸೆಯ ಮೇಲೆ ತಂದಿಡುತ್ತದೆ, ಮುಖದ ಕಡೆ ನೋಡುವುದೇ ಇಲ್ಲ. ಬೇಡಿಕೆ ಇಬ್ಬರದ್ದೂ ಸ್ಪಷ್ಟವೇ. ಎರಡನೆಯ ಮಗುವಿಗೆ ಆ ಹೊತ್ತಿನಲ್ಲಿ ನಾನು ಬರೀ ಒಂದು ಕೈ.

ಬೇಕಾದದ್ದಕ್ಕೆ ಬೆರಳು ತೋರಿಸುವುದಕ್ಕಿಂತ ‘ಅಲ್ಲಿ ನೋಡು’ ಎಂದು ತೋರಿಸುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹಾರುವ ವಿಮಾನವನ್ನು ತೋರಿಸಿದ ಮಗುವಿಗೆ ಆ ವಿಮಾನ ಬೇಕಾಗಿರುವುದಿಲ್ಲ, ನೀವೂ ನೋಡಬೇಕು ಎಂಬುದಷ್ಟೇ ಅದರ ಆಸೆ. ಒಂದೂವರೆ ವರ್ಷವಾದರೂ ಇದು ಕಾಣದಿದ್ದರೆ ನಾನು ಕಾದು ನೋಡೋಣ ಎನ್ನುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ತಿರುಗುತ್ತಿತ್ತೇ, ಬಂದಿದ್ದ ಪದಗಳು ಮರೆಯಾದವೇ ಎಂದೂ ಕೇಳುತ್ತೇನೆ. ಬಂದ ಮಾತು ಹೋದರೆ, ಯಾವ ವಯಸ್ಸಾದರೂ, ಕೂಡಲೇ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೋಗಳನ್ನು ತರಲು ಹೇಳುತ್ತೇನೆ. ಹೊಸ ಕೊಠಡಿಯಲ್ಲಿ, ಹೊಸಬರ ಮುಂದೆ ಯಾವ ಮಗುವೂ ಪೂರ್ತಿ ತನ್ನಂತೆ ಇರುವುದಿಲ್ಲ.

ಶ್ರವಣ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ‘ಟಿವಿ ಹಾಡು ಕೇಳಿ ಓಡಿ ಬರುತ್ತಾನೆ, ಕಿವಿ ಚೆನ್ನಾಗಿದೆ’ ಎಂಬುದು ಪರೀಕ್ಷೆಯಲ್ಲ.

ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಲ್ಲಿ ಆಟಿಸಂನ ಸುಳಿವು ಹುಡುಕಲು ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ, ಪೋಷಕರೇ ತುಂಬುತ್ತಾರೆ. ಅಂಕ 3ರಿಂದ 7ರ ನಡುವೆ ಬಂದರೆ ಅವೇ ಉತ್ತರಗಳ ಬಗ್ಗೆ ಮತ್ತೆ ಬಿಡಿಸಿ ಕೇಳಬೇಕು, 8 ಅಥವಾ ಹೆಚ್ಚು ಬಂದರೆ ನೇರವಾಗಿ ತಜ್ಞರ ಮೌಲ್ಯಮಾಪನಕ್ಕೆ ಕಳುಹಿಸಬೇಕು. ಇದು ಜರಡಿ ಮಾತ್ರ. ಇದನ್ನು ಅಂತರ್ಜಾಲದಲ್ಲಿ ತುಂಬಿ, ಅಂಕ ನೋಡಿ, ರಾತ್ರಿಯೆಲ್ಲ ಅತ್ತು ಬಂದ ತಾಯಂದಿರನ್ನು ಕಂಡಿದ್ದೇನೆ. ಅಂಕ ಕಡಿಮೆ ಬಂತೆಂದು ನಿಶ್ಚಿಂತರಾದವರನ್ನೂ ಕಂಡಿದ್ದೇನೆ, ಅವರ ಬಗ್ಗೆ ನನಗೆ ಹೆಚ್ಚು ಚಿಂತೆ.

ರೋಗನಿರ್ಣಯ ನಾನೊಬ್ಬಳೇ ಮಾಡುವ ಕೆಲಸವಲ್ಲ. ಮಕ್ಕಳ ಬೆಳವಣಿಗೆಯ ತಜ್ಞವೈದ್ಯರು, ಮನಶ್ಶಾಸ್ತ್ರಜ್ಞರು ಜೊತೆಯಲ್ಲಿ ಕೂರುತ್ತಾರೆ. ಆಟಿಸಂ ಇದೆ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ನೋಡಬೇಕು, ಬೆಳೆದ ಬಗೆಯನ್ನು ಕೇಳಬೇಕು. ಮಾನಸಿಕ ಕಾಯಿಲೆಗಳ ನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರ ಪ್ರಕಾರ ಎರಡು ಕಡೆ ಲಕ್ಷಣ ಕಾಣಬೇಕು: ಇನ್ನೊಬ್ಬರೊಂದಿಗಿನ ಒಡನಾಟ ಮತ್ತು ಸಂವಹನದಲ್ಲಿ ಒಂದು, ಮತ್ತೆ ಮತ್ತೆ ಅದನ್ನೇ ಮಾಡುವ, ಒಂದೇ ಕ್ರಮಕ್ಕೆ ಅಂಟಿಕೊಳ್ಳುವ ನಡವಳಿಕೆಯಲ್ಲಿ ಇನ್ನೊಂದು. ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಕೆರಳುವುದು ಅಥವಾ ಸ್ಪಂದಿಸದೇ ಇರುವುದೂ ಈ ಎರಡನೆಯದರಲ್ಲೇ ಸೇರಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಗೊಂಬೆಗೆ ಊಟ ಮಾಡಿಸುವ ಹುಡುಗಿಯನ್ನು ಕಂಡು ‘ಇವಳಿಗೇನೂ ಇಲ್ಲ’ ಎಂದುಬಿಡುತ್ತಾರೆ. ಅದೇ ಆಟ, ಅದೇ ಸಾಲುಗಳು, ಅದೇ ಕ್ರಮದಲ್ಲಿ ದಿನವೂ ನಡೆಯುತ್ತಿದೆಯೇ, ಬೇರೆಯವರು ಒಳಗೆ ಬಂದರೆ ಆಟ ಬದಲಾಗುತ್ತದೆಯೇ ಎಂದು ನೋಡಬೇಕು.

ಫಲಿತಾಂಶ ಹೇಳುವ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ‘ಯಾಕೆ ಬಂತು, ಮೇಡಂ?’ ಎಂಬುದು ಮೊದಲ ಪ್ರಶ್ನೆ. ಆನುವಂಶಿಕತೆಯ ಪಾಲು ದೊಡ್ಡದು, ನೀವು ಬೆಳೆಸಿದ ರೀತಿಯಿಂದ ಬಂದದ್ದಲ್ಲ ಎಂದು ಬಿಡಿಸಿ ಹೇಳುತ್ತೇನೆ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಶಂಕೆಗೆ ಬೀಜವಾದ 1998ರ ಲೇಖನವನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವವರ ಕೀಲೇಶನ್ ಚಿಕಿತ್ಸೆ ಮಗುವಿನ ಪ್ರಾಣಕ್ಕೇ ಕುತ್ತು ತರಬಹುದು. ಆ ವಿಷಯದಲ್ಲಿ ನನ್ನ ದನಿ ಸ್ವಲ್ಪ ಗಡುಸಾಗುತ್ತದೆ, ಆಗಲಿ.

ಆಮೇಲಿನ ಕೆಲಸ ಆ ಮಣಿಕಟ್ಟು ಹಿಡಿಯುವ ಕೈಯಿಂದಲೇ ಶುರುವಾಗುತ್ತದೆ. ಶೀಸೆಯ ಚಿತ್ರವಿರುವ ಕಾರ್ಡನ್ನು ನನ್ನ ಅಂಗೈಗೆ ಕೊಟ್ಟರೆ ಕೂಡಲೇ ಗುಳ್ಳೆ ಊದುತ್ತೇನೆ. ಕೊಟ್ಟರೆ ಸಿಗುತ್ತದೆ ಎಂಬುದು ಗಟ್ಟಿಯಾದ ಮೇಲೆ ನಾನು ಸ್ವಲ್ಪ ದೂರ ಸರಿದು ಕೂರುತ್ತೇನೆ, ಮಗು ಎದ್ದು ಬಂದು ಕೊಡಬೇಕಾಗುತ್ತದೆ. ಚಿತ್ರ ಕೊಟ್ಟರೆ ಮಾತು ಬರುವುದೇ ಇಲ್ಲ ಎಂಬ ಭಯ ಹಲವರಿಗಿದೆ. ಚಿತ್ರವಾಗಲಿ, ಮಾತಾಡುವ ಟ್ಯಾಬ್ಲೆಟ್ ಆಗಲಿ ಮಾತನ್ನು ತಡೆಯುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಕ್ಕ ಮೇಲೆ ಕಿರುಚಾಟ ಇಳಿದದ್ದನ್ನು ಮಾತ್ರ ಮನೆಯವರೇ ಬಂದು ಹೇಳುತ್ತಾರೆ.

ಕೇಳಿದ್ದನ್ನೇ ತಿರುಗಿ ಹೇಳುವ ಮಕ್ಕಳೂ ಇದ್ದಾರೆ. ‘ನೀರು ಬೇಕಾ?’ ಎಂದು ಮಗುವೇ ಬಂದು ಕೇಳಿದರೆ ಅದಕ್ಕೆ ಬಾಯಾರಿಕೆಯಾಗಿದೆ ಎಂದರ್ಥ. ಬೈದು ಸುಮ್ಮನಿರಿಸದೆ, ನೀರು ಕೊಡುತ್ತಾ ‘ನನಗೆ ನೀರು ಬೇಕು’ ಎಂದು ಮಗುವಿನ ಪರವಾಗಿ ಹೇಳಿ ಎನ್ನುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಗಲ್ಲ ಹಿಡಿದು ತಿರುಗಿಸುವುದನ್ನು ನನ್ನ ಕೊಠಡಿಯಲ್ಲಿ ಬಿಡುವುದಿಲ್ಲ. ಕೈ ಬಡಿಯುವುದು, ಜೀಕುವುದು ಯಾರಿಗೂ ಪೆಟ್ಟು ಮಾಡದಿದ್ದರೆ ಅದರ ಪಾಡಿಗೆ ಇರಲಿ.

ವಾರಕ್ಕೊಮ್ಮೆ ನನ್ನೆದುರು ಕೂತು ಕಲಿಯುವುದು ಅಲ್ಪ. ಸ್ನಾನ, ಊಟ, ಬಟ್ಟೆ ಹಾಕುವ ಹೊತ್ತಿನಲ್ಲಿ ಹೇಗೆ ಕಾಯಬೇಕು, ಯಾವಾಗ ಕೊಡಬೇಕು ಎಂಬುದನ್ನು ತಂದೆ ತಾಯಿಗೇ ಕಲಿಸುತ್ತೇನೆ. ಶಾಲೆಗೆ ಸೇರಿಸುವ ಮುನ್ನ ಶಿಕ್ಷಕರಿಗೆ ಕೊಡಲೆಂದು ಒಂದು ಹಾಳೆ ಬರೆಯಿಸುತ್ತೇನೆ: ಬೇಕಾದದ್ದನ್ನು ಹೇಗೆ ಕೇಳುತ್ತದೆ, ಯಾವ ಸದ್ದಿಗೆ ಕಿವಿ ಮುಚ್ಚುತ್ತದೆ, ಕೆರಳಿದಾಗ ಏನು ಮಾಡಬಾರದು, ಯಾವುದನ್ನು ಕಂಡರೆ ಖುಷಿಪಡುತ್ತದೆ. ರೋಗನಿರ್ಣಯದ ವರದಿಯನ್ನು ಅದರ ಹಿಂದೆ ಲಗತ್ತಿಸಿದರೆ ಸಾಕು.